ಲೇ ಅನ್ನಬ್ಯಾಡ ಅಂದಿದ್ದೆ

ಹೋದ ತಿಂಗಳು ನನ್ನ ತಂಗಿಯ ಮಗ ಮನೆಗೆ ಬಂದಿದ್ದ. ಗದಗಿನ ಹೊರಗೆ ರಸ್ತೆಗೆ ಹತ್ತಿಕೊಂಡು ಕಾರು ತೊಳೆಯುವ ಅಂಗಡಿ ಹಾಕುತ್ತಿದ್ದಾನೆ. ಪಂಪು ಬಂದಿದೆ, ಗಾಡಿಯನ್ನು ಮೇಲೆತ್ತುವ ಯಂತ್ರ ಬಂದಿದೆ, ಬೋರ್ಡು ಬರೆಸಿದ್ದೂ ಆಗಿದೆ. ನಲವತ್ತು ವರ್ಷ ಇದೇ ಕೆಲಸ ಮಾಡಿದ ಸೋದರಮಾವ ಮನೆಯಲ್ಲೇ ಕೂತಿರುವಾಗ ಪಾಲಿಶಿನ ವಿಷಯ ಕೇಳುತ್ತಾನೇನೋ ಎಂದುಕೊಂಡಿದ್ದೆ. ಅವನು ಕೇಳಿದ್ದೇ ಬೇರೆ.

“ಮಾಮಾ, ನನ್ನ ದೋಸ್ತ ಒಬ್ಬಾಂವ ಖಾಲಿ ಅದಾನ್ರಿ. ಸಾಲ್ಯಾಗಿಂದ ಜೋಡೀಲೆ ಬೆಳದೇವಿ. ಅವನ್ನ ಕೆಲಸಕ್ಕ ಇಟಗೋಬೇಕಂತ ಮಾಡೀನಿ. ಏನಂತೀರಿ?”

ನಾನು ಕೈಯಲ್ಲಿದ್ದ ಚಹಾ ಕೆಳಗಿಟ್ಟೆ. ಕೊಡುವ ಉತ್ತರ ಉದ್ದವಿತ್ತು. ಅದಕ್ಕೇ ಬರೆಯುತ್ತಿದ್ದೇನೆ. ಈ ಕೆಲಸಕ್ಕೆ ಇಳಿಯುವ ಬೇರೆಯವರೂ ಓದಿದರೆ ಬೇಡವೆನ್ನುವುದಿಲ್ಲ.

ಮೊದಲು ಕೆಲಸದ ಮಾತು ಮುಗಿಸುತ್ತೇನೆ. ನಾನು ಮೋಟಾರು ತೊಳೆಯುತ್ತಿದ್ದೆ ಎಂದರೆ ಜನ ನಗುತ್ತಾರೆ, ನೀರು ಹೊಯ್ದು ಒರೆಸಿದರೆ ಮುಗಿಯಿತಲ್ಲ ಎನ್ನುತ್ತಾರೆ. ಅವರ ಕೈಗಳನ್ನೊಮ್ಮೆ ನೋಡಬೇಕು, ಆಮೇಲೆ ನನ್ನವನ್ನು ನೋಡಬೇಕು. ಸೀಮೆಎಣ್ಣೆಯಲ್ಲಿ ಅದ್ದಿ ಅದ್ದಿ ನನ್ನ ಬೆರಳ ಸಂದುಗಳು ಸೀಳಿ, ಮಾಯ್ದು, ಮತ್ತೆ ಸೀಳಿವೆ. ದಿನವಿಡೀ ತೊಯ್ದಿರುವ ಕಾಲಿಗೆ ಬೆರಳುಗಳ ನಡುವೆ ಬರುವ ಹುಣ್ಣು ಚಳಿಗಾಲದಲ್ಲಿ ನಿದ್ದೆ ಕೊಡುವುದಿಲ್ಲ. ಇದು ಯಾವ ಬೋರ್ಡಿನ ಮೇಲೂ ಬರೆದಿರುವುದಿಲ್ಲ.

ನಾನು ಕಲಿತದ್ದು ಎರಡನೆಯ ಮಹಾಯುದ್ಧದ ಕಾಲದಲ್ಲಿ, ಗದಗಿನ ಒಂದು ಖಾಸಗಿ ಬಸ್ಸಿನ ಶೆಡ್ಡಿನಲ್ಲಿ. ಆಗ ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲಿನ ಗ್ಯಾಸಿನ ಮೇಲೆ ಓಡುತ್ತಿದ್ದವು. ಬಸ್ಸಿನ ಹಿಂದೆ ಒಂದು ದೊಡ್ಡ ಒಲೆಯಂಥದ್ದು ಇರುತ್ತಿತ್ತು. ಸಂಜೆ ಬಂದು ನಿಂತ ಬಸ್ಸಿನ ಮಸಿ ತೆಗೆದು ಮನೆಗೆ ಹೋದರೆ ನಮ್ಮವ್ವ ನನ್ನನ್ನು ಹೊಸ್ತಿಲು ದಾಟಗೊಡುತ್ತಿರಲಿಲ್ಲ, ಹಿತ್ತಲಿಗೇ ಕಳಿಸುತ್ತಿದ್ದಳು. ಅಲ್ಲಿದ್ದ ಹಿರಿಯ ಮೇಸ್ತ್ರಿಯನ್ನು ನಾವೆಲ್ಲ ಉಸ್ತಾದ ಎನ್ನುತ್ತಿದ್ದೆವು. ಮಡ್‌ಗಾರ್ಡಿನ ಒಳಗೆ ಬೆರಳು ಹಾಕಿ ನೋಡುವುದು ಅವರ ಪದ್ಧತಿ. ಬೆರಳಿಗೆ ಹೊಲಸು ಹತ್ತಿದರೆ ಅದನ್ನು ನಮ್ಮ ಅಂಗಿಗೇ ಒರೆಸಿ ಮುಂದೆ ಹೋಗುತ್ತಿದ್ದರು. ಬೈಗುಳ ಅವರ ಬಾಯಿಂದ ಕೇಳಿದ್ದಿಲ್ಲ. ಆ ಅಂಗಿಯೇ ಸಾಕಾಗುತ್ತಿತ್ತು.

“ತೊಳಿಯೂದು ಆಮ್ಯಾಲೋ. ಮೊದಲ ಗಾಡಿ ಎಲ್ಲಿಂದ ಬಂದೈತಿ ಅನ್ನೂದು ಓದು” ಎಂದು ಅವರು ಕಲಿಸಿದರು. ಮಡ್‌ಗಾರ್ಡಿನ ಒಳಗೆ ಕರಿಯ ಎರೆಮಣ್ಣು ಗಟ್ಟಿಯಾಗಿ ಕೂತಿದ್ದರೆ ಅದು ಕುರ್ತಕೋಟಿಯ ಕಡೆಯದು, ಇಲ್ಲವೇ ಯಳವತ್ತಿ, ಲಕ್ಷ್ಮೇಶ್ವರದ ಕಡೆಯದು. ಅದನ್ನು ಕೆರೆಯಬಾರದು, ನೆನೆಯಲು ಬಿಡಬೇಕು, ಕೆರೆದರೆ ಬಣ್ಣವನ್ನೂ ಕಿತ್ತುಕೊಂಡು ಬರುತ್ತದೆ. ಕೆಂಪು ಧೂಳಿದ್ದರೆ ಮುಂಡರಗಿಯ ಗುಡ್ಡದ ರಸ್ತೆಯದು. ಅದು ಸಣ್ಣ ಮರಳು, ಒಣಬಟ್ಟೆ ಮುಟ್ಟಿಸಿದರೆ ಬಣ್ಣದ ತುಂಬ ಗೀರು. ನಮ್ಮ ಬಾವಿಯದು ಸವಳು ನೀರು, ಗಾಡಿಯ ಮೇಲೆ ಒಣಗಿದರೆ ಬಿಳಿ ಕಲೆ ಉಳಿಯುತ್ತದೆ, ಆದ್ದರಿಂದ ಒಣಗುವ ಮೊದಲೇ ಒರೆಸಬೇಕು. ಈಗಿನವರು ಎಲ್ಲಕ್ಕೂ ಒಂದೇ ಶಾಂಪೂ ಹಚ್ಚುತ್ತಾರೆ.

ಸ್ವಾತಂತ್ರ್ಯ ಬಂದ ವರ್ಷ ಸ್ಟೇಷನ್ ರಸ್ತೆಯ ಹಿಂದೆ, ಒಂದು ಬಾವಿಯ ಪಕ್ಕದಲ್ಲಿ, ತಗಡಿನ ಶೆಡ್ಡು ಹಾಕಿ ನನ್ನದೇ ಕೆಲಸ ಶುರುಮಾಡಿದೆ. ಗಾಡಿ ಹತ್ತಿಸಲು ಎರಡು ಸಾಲು ಕಲ್ಲಿನ ಕಟ್ಟೆ, ಅದರ ಹಿಂದೆ ಒಂದು ಬದಿಗೆ ನೀರಿಗೆ ಕಲ್ಲಿನ ತೊಟ್ಟಿ. ಊರಿನಲ್ಲಿ ಮೋಟಾರುಗಳು ಕಡಿಮೆ. ಅರಳೆ ವ್ಯಾಪಾರದ ಸಾವುಕಾರರು, ವಕೀಲರು, ಡಾಕ್ಟರು ಇಟ್ಟುಕೊಂಡಿದ್ದವು, ಅಷ್ಟೆ. ಒಂದು ಗಾಡಿ ಕೆಡಿಸಿದರೆ ಊರಿಗೆಲ್ಲ ಖಬರ. ನಾನು ಮೊದಲ ತಿಂಗಳಲ್ಲೇ ಕೆಡಿಸಿದೆ. ಹತ್ತಿಯ ಗಿರಣಿಯಿಂದ ತಂದ ಅರಳೆಯ ಹಿಂಜಿನಿಂದ ಒಬ್ಬ ವಕೀಲರ ಗಾಡಿಗೆ ಮೇಣ ತಿಕ್ಕುತ್ತಿದ್ದೆ. ಅದರಲ್ಲಿ ಒಡೆದ ಹತ್ತಿಕಾಳಿನ ಸಿಪ್ಪೆ ಇತ್ತು. ಬಾನೆಟ್ಟಿನ ತುಂಬ ದುಂಡನೆಯ ಗೀರುಗಳೆದ್ದವು. ವಕೀಲರು ಬಂದು ಸುತ್ತ ನೋಡಿ, “ಬಸಪ್ಪಾ, ರಂಗೋಲಿ ಛಲೋ ಬಿಡಿಸೀಯಪಾ” ಎಂದರು. ಆಮೇಲೆ ಆ ಗಾಡಿ ನನ್ನ ಶೆಡ್ಡಿಗೆ ಬರಲಿಲ್ಲ. ಇಬ್ಬರು ಮಾಡುವ ಕೆಲಸವನ್ನು ಒಬ್ಬನೇ ಗಡಿಬಿಡಿಯಲ್ಲಿ ಮಾಡುತ್ತಿದ್ದೇನೆಂದು ಆಗ ತಿಳಿಯಿತು.

ಹೀಗೆ ಫಕ್ಕೀರಪ್ಪ ಬಂದ. ನಾವಿಬ್ಬರೂ ಶಿರಹಟ್ಟಿಯಲ್ಲಿ ಒಂದೇ ಓಣಿಯವರು, ಒಂದೇ ಶಾಲೆಯವರು, ಇಬ್ಬರೂ ಒಂದೇ ವರ್ಷ ಶಾಲೆ ಬಿಟ್ಟವರು. ನಾನು ಗದಗಿಗೆ ಬಂದೆ. ಅವನು ಅಲ್ಲಿಯೇ ಸಂಸ್ಥಾನದ ಕಚೇರಿಯ ಕುದುರೆಗಳನ್ನು ನೋಡಿಕೊಳ್ಳುವ ಕೆಲಸ ಹಿಡಿದ. ಸಂಸ್ಥಾನಗಳು ವಿಲೀನವಾದವು. ಎಲ್ಲರೂ ಪೇಢೆ ಹಂಚಿದರು, ಅವನೂ ತಿಂದ. ವಾರದಲ್ಲಿ ಕುದುರೆಗಳು ಹೋದವು, ಕುದುರೆಗಳ ಹಿಂದೆ ಅವನ ಕೆಲಸವೂ ಹೋಯಿತು. ನಾನೇ ಶಿರಹಟ್ಟಿಗೆ ಹೋಗಿ ಕರೆದೆ.

“ಲೇ ಬಸ್ಯಾ, ನನಗ ಕುದರಿ ಗೊತ್ತು. ತಗಡು ಗೊತ್ತಿಲ್ಲಲೇ” ಎಂದ.

“ಅದೂ ಒಂದು ಕುದರೀನ ಅಂತ ತಿಳಕೋ. ಒದಿಯೂದಿಲ್ಲ, ಅಷ್ಟ” ಎಂದೆ ನಾನು.

ಆ ಮಾತು ಆಡಿದ್ದು ನಾನೇ. ಅದು ಈಗಲೂ ನೆನಪಾಗುತ್ತದೆ.

ಅವನ ಕೈ ಎಂಥದ್ದೆಂದರೆ, ಎರಡು ತಿಂಗಳಲ್ಲಿ ನನಗಿಂತ ಚೆನ್ನಾಗಿ ಮೇಣ ಹಚ್ಚುತ್ತಿದ್ದ. ಕುದುರೆಯ ಕೂದಲು ಬಿದ್ದ ಕಡೆಗೇ ಉಜ್ಜಿ ರೂಢಿಯಾದ ಕೈ, ಉದ್ದಕ್ಕೆ ಒಂದೇ ಎಳೆತ. ಗಾಡಿಯ ಜೊತೆ ಮಾತನಾಡುತ್ತಿದ್ದ. ಸಾವುಕಾರರು ಕೆಸರು ಮೆಟ್ಟಿದ ಕಾಲಿನಿಂದ ಗಾಡಿ ಹತ್ತಲು ಹೋದರೆ, “ತಡೀರಿ, ತಡೀರಿ, ಒರಸ್ತೀನಿ” ಎಂದು ಓಡಿಹೋಗಿ ಅಡ್ಡ ನಿಲ್ಲುತ್ತಿದ್ದ. ದಿನಕ್ಕೆ ಹತ್ತು ಸಲವಾದರೂ ಅವನ ಆ “ತಡೀರಿ” ಕೇಳುತ್ತಿತ್ತು. ನಾನು ಕತ್ತೆತ್ತಿ ನೋಡುವುದನ್ನೂ ಬಿಟ್ಟಿದ್ದೆ.

ಅವನು ಬಂದ ವರ್ಷದ ಮಳೆಗಾಲದಲ್ಲಿ ನಡೆದದ್ದನ್ನು ಹೇಳಲೇಬೇಕು. ಗಡಿಯಾಚೆ ನಿಜಾಮರ ಸೀಮೆಯಲ್ಲಿ ಗಲಾಟೆ ಎದ್ದಿತ್ತು, ಮನೆಮಾರು ಬಿಟ್ಟು ಓಡಿಬಂದ ಜನ ಮುಂಡರಗಿಯಲ್ಲಿ ಬಂದು ಇಳಿಯುತ್ತಿದ್ದರು. ಒಂದು ಮುಂಜಾನೆ ಡಾಕ್ಟರೊಬ್ಬರ ಗಾಡಿ ಬಂತು. ತುಂಬ ಕೆಂಪು ಕೆಸರು. ಡ್ರೈವರು ಇಳಿದು, “ಹಿಂದಿನ ಸೀಟು ನೋಡ್ರಿ” ಎಂದಷ್ಟೇ ಹೇಳಿ ದೂರ ಹೋಗಿ ಕೂತ. ಸೀಟಿನ ತುಂಬ ರಕ್ತ ಹೆಪ್ಪುಗಟ್ಟಿತ್ತು. ಗುಂಡು ತಗಲಿದವನೊಬ್ಬನನ್ನು ಗದಗಿನ ದವಾಖಾನೆಗೆ ತರುತ್ತಿದ್ದರಂತೆ, ದಾರಿಯಲ್ಲೇ ಹೋದನಂತೆ. ಬೇಗ ಮುಗಿಸಿಬಿಡಬೇಕೆಂದು ಒಲೆಯ ಮೇಲಿನ ಬಿಸಿನೀರಿನ ಡಬ್ಬಿ ಎತ್ತಿಕೊಂಡೆ.

“ಲೇ ಬಸ್ಯಾ, ತಡೀಲೇ!”

ಫಕ್ಕೀರಪ್ಪ ಶೆಡ್ಡಿನ ಆಚೆ ತುದಿಯಲ್ಲಿದ್ದ. ಆ ದನಿಗೆ ನನ್ನ ಕೈ ಇದ್ದಲ್ಲೇ ನಿಂತಿತು. ಅವನು ಬಂದು ಡಬ್ಬಿ ಕಸಿದುಕೊಂಡ. “ಬಿಸಿನೀರು ಹಾಕಿದ್ರ ರಕ್ತ ಅಲ್ಲೇ ಕುಂಡರತೈತಿ. ಕುದರಿ ಗಾಯಕ್ಕ ತಣ್ಣೀರು, ಉಪ್ಪು” ಎಂದ. ಮಧ್ಯಾಹ್ನದವರೆಗೆ ಇಬ್ಬರೂ ತಣ್ಣೀರು ಹೊಯ್ದೆವು. ಸೀಟಿನ ಸಂದಿನಲ್ಲಿ ಒಂದು ಹಿತ್ತಾಳೆಯ ಕೀಲಿಕೈ ಸಿಕ್ಕಿತು, ಯಾರದೋ ಮನೆಯದು. ಡ್ರೈವರಿಗೆ ಕೊಡಹೋದರೆ ಅವನು ಮುಟ್ಟಲಿಲ್ಲ. ಕೇಳಲು ಬಂದಾರು ಎಂದು ಫಕ್ಕೀರಪ್ಪ ಅದನ್ನು ಶೆಡ್ಡಿನ ಮೊಳೆಗೆ ತೂಗುಹಾಕಿದ. ಯಾರೂ ಬರಲಿಲ್ಲ.

ಹೀಗೆ ಐದಾರು ವರ್ಷ ನಡೆಯಿತು. ಕೆಲಸ ಬೆಳೆಯಿತು. ನನ್ನ ತಲೆಯೂ ಬೆಳೆಯಿತು ಎಂದು ಈಗ ಒಪ್ಪಿಕೊಳ್ಳುತ್ತೇನೆ. ಒಂದು ದಿನ ಅರಳೆ ಸಾವುಕಾರರೊಬ್ಬರು ತಮ್ಮ ದೊಡ್ಡ ಅಮೇರಿಕದ ಗಾಡಿ ಒಯ್ಯಲು ಬಂದು ಕೂತಿದ್ದರು. ಸುತ್ತ ನಾಲ್ಕೈದು ಡ್ರೈವರುಗಳಿದ್ದರು. ಫಕ್ಕೀರಪ್ಪ ಒಳಗಿನಿಂದ ಕೂಗಿದ: “ಲೇ ಬಸ್ಯಾ, ಮೇಣ ಎಲ್ಲಿ ಇಟ್ಟೀಯಲೇ? ಕಣ್ಣು ಕಾಣಸಾಂಗಿಲ್ಲೇನು?”

ಸಾವುಕಾರರು ನನ್ನ ಮುಖ ನೋಡಿದರು. “ಬಸಪ್ಪಾ, ಇಲ್ಲೆ ಮಾಲಕ ಯಾರೋ? ನಿನ್ನ ಆಳು ನಿನಗ ಲೇ ಅಂತಾನಲ್ಲ. ನೀನ ಅವನ ಕಡೆ ಕೆಲಸಕ್ಕಿದ್ದೀ ಏನು?”

ಡ್ರೈವರುಗಳು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ಜೊತೆಗೆ ನಕ್ಕೆ. ಒಳಗೆ ಕಿಚ್ಚು ಬಿದ್ದಿತ್ತು. ಆ ಸಾವುಕಾರರ ಮೇಲೆ ಬೀಳಬೇಕಾಗಿದ್ದ ಸಿಟ್ಟು, ಅವರು ಗಿರಾಕಿಯಾದ್ದರಿಂದ, ಫಕ್ಕೀರಪ್ಪನ ಮೇಲೆ ತಿರುಗಿತು. ಊಟದ ಹೊತ್ತಿಗೆ ಬಾವಿಯ ಹತ್ತಿರ ಅವನಿಗೆ ಹೇಳಿದೆ.

“ಫಕ್ಕೀರಾ, ಗಿರಾಕಿ ಮುಂದ ಲೇ ಅನ್ನಬ್ಯಾಡ. ರೀ ಹಚ್ಚಿ ಮಾತಾಡು.”

“ಗಿರಾಕಿ ಮುಂದ ಅಷ್ಟನ?”

“ಹೂಂ, ಅಷ್ಟ.”

ಅವನು ಕೈಯಲ್ಲಿದ್ದ ಅರಿವೆ ಹಿಂಡಿದ, ಝಾಡಿಸಿದ, ಹಗ್ಗದ ಮೇಲೆ ಹಾಕಿದ. “ಎರಡ ಬಾಯಿ ಇಟಗೊಳ್ಳಾಕ ನನ್ನ ಕಡೆ ಆಗೂದಿಲ್ಲ. ಒಂದ ಇಟಗೋತೀನಿ. ಆತ್ರಿ, ಮಾಲಕರ” ಎಂದ.

ಚೇಷ್ಟೆ ಮಾಡುತ್ತಿದ್ದಾನೆಂದು ನಾನು ನಕ್ಕೆ. ಅವನು ನಗಲಿಲ್ಲ. ಮರುದಿನವೂ ಮಾಲಕರ, ಅದರ ಮರುದಿನವೂ ಮಾಲಕರ. ಗಿರಾಕಿ ಇರಲಿ ಬಿಡಲಿ, ಊಟಕ್ಕೆ ಕೂತಾಗ, ಬಾವಿಗೆ ಹಗ್ಗ ಬಿಟ್ಟಾಗ, ಎಲ್ಲ ಹೊತ್ತಿಗೂ ರೀ. ಬುತ್ತಿ ಬಿಚ್ಚಿದರೆ ಸ್ವಲ್ಪ ದೂರ ಸರಿದು ಕೂರುತ್ತಿದ್ದ. ಮೊದಲು ನನ್ನ ಬುತ್ತಿಯಿಂದ ಕೇಳದೆ ಚಟ್ನಿ ತೆಗೆದುಕೊಳ್ಳುತ್ತಿದ್ದವನು ಈಗ ಕೊಟ್ಟರೂ “ಸಾಕ್ರಿ” ಎನ್ನುತ್ತಿದ್ದ. ಕರೆದು ಕೂರಿಸಿ, ಲೇ ನಂದ ತಪ್ಪು ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ನಾಳೆ ಹೇಳೋಣವೆಂದುಕೊಂಡೆ. ಖರೆ ಹೇಳಬೇಕೆಂದರೆ, ಆ ರೀ ಕೇಳಲು ಸ್ವಲ್ಪ ಹಿತವಾಗಿಯೂ ಇತ್ತು.

ಆ ವರ್ಷದ ದಸರೆ ಬಂತು. ನಮ್ಮ ಕಡೆ ಬನ್ನಿ ಕೊಡುವ ಪದ್ಧತಿ ಗೊತ್ತಲ್ಲ. ಎಷ್ಟೇ ಜಗಳವಿದ್ದರೂ ಅಂದು ಬನ್ನಿಯ ಎಲೆ ಕೈಗಿಟ್ಟು, ಬಂಗಾರದಂತೆ ಇರೋಣ ಎಂದು ಸರೀಕರು ಅಪ್ಪಿಕೊಳ್ಳಬೇಕು, ಕಿರಿಯರು ಹಿರಿಯರ ಕಾಲು ಮುಟ್ಟಬೇಕು. ಇವತ್ತು ಎಲ್ಲ ಸರಿಹೋಗುತ್ತದೆ ಎಂದು ನಾನು ಹೊಸ ಅಂಗಿ ಹಾಕಿಕೊಂಡು ಕಾದಿದ್ದೆ. ಅವನು ಬಂದ, ಬನ್ನಿ ಕೊಟ್ಟ, “ಬಂಗಾರದ್ಹಂಗ ಇರೂಣ್ರಿ” ಎಂದ. ನಾನು ಅಪ್ಪಿಕೊಳ್ಳಲು ಕೈ ಚಾಚಿದೆ. ಅವನು ಬಗ್ಗಿ ನನ್ನ ಕಾಲು ಮುಟ್ಟಿದ. ನನಗಿಂತ ಆರು ತಿಂಗಳು ದೊಡ್ಡವನು. ಅಂಗಳದಲ್ಲಿ ನಾಲ್ಕು ಜನ ನೋಡುತ್ತಿದ್ದರು, ಅವನನ್ನು ಎತ್ತಲು ನಾಚಿಕೆಯಾಯಿತು. ಅವನು ಎದ್ದು ಹೋಗುವವರೆಗೂ ಕೈ ಚಾಚಿಕೊಂಡೇ ನಿಂತಿದ್ದೆ.

ಎರಡು ವರ್ಷದ ಮೇಲೆ ಕನ್ನಡ ನಾಡು ಒಂದಾಯಿತು. ಗದಗಿನಲ್ಲಿ ಅಂದು ಮೆರವಣಿಗೆ. ಸಾವುಕಾರರ ಗಾಡಿಗಳೆಲ್ಲ ತೊಳೆದು ಸಿಂಗರಿಸಿಕೊಂಡು ಹೋಗಬೇಕಾಗಿತ್ತು. ನಮಗೆ ಮುಂಜಾನೆಯಿಂದ ಉಸಿರಾಡಲು ಪುರಸೊತ್ತಿರಲಿಲ್ಲ. ಕಡೆಯದು ಅದೇ ಅರಳೆ ಸಾವುಕಾರರ ದೊಡ್ಡ ಗಾಡಿ. ಕಟ್ಟೆಯ ಮೇಲೆ ನಿಲ್ಲಿಸಿಯೇ ಹಿಂದೆ ಎರಡು ಬಾಳೆಕಂಬ ಕಟ್ಟಿದ್ದರು, ಹೂವಿನ ಜಾಲರಿ ಇಳಿಬಿಟ್ಟಿದ್ದರು. ಹಿಂದಿನ ಗಾಜು ಪೂರಾ ಮುಚ್ಚಿಹೋಗಿತ್ತು. ಡ್ರೈವರು ಎಲ್ಲೋ ಬ್ಯಾಂಡು ನೋಡಲು ಹೋಗಿದ್ದ. ಸಾವುಕಾರರು ಗಾಡಿಯ ಬಾಗಿಲ ಹತ್ತಿರ ನಿಂತು, “ಬಸಪ್ಪಾ, ಜಲ್ದಿ ತೆಗಿಯೋ, ಹೊತ್ತಾತು” ಎನ್ನುತ್ತಿದ್ದರು. ನಾನೇ ಹತ್ತಿ ಕೂತು ಗಾಡಿಯನ್ನು ಹಿಂದಕ್ಕೆ ಬಿಟ್ಟೆ.

ಹಿಂದಿನ ನಂಬರಿನ ತಗಡಿನ ಮೇಲೆ ಸವಳು ನೀರಿನ ಕಲೆ ಉಳಿದಿತ್ತಂತೆ. ಫಕ್ಕೀರಪ್ಪ ಅದನ್ನು ಒರೆಸಲು ಹೋಗಿ ಗಾಡಿಗೂ ಕಲ್ಲಿನ ತೊಟ್ಟಿಗೂ ನಡುವೆ ಕೂತಿದ್ದ. ನನಗೆ ಗೊತ್ತಿರಲಿಲ್ಲ.

“ತಡೀರಿ” ಎಂಬ ದನಿ ಕೇಳಿತು. “ತಡೀರಿ, ತಡೀರೀ!”

ನಾನು ಕೇಳಿದೆ. ಸ್ಪಷ್ಟವಾಗಿ ಕೇಳಿದೆ. ಸಾವುಕಾರರು ಕೆಸರುಗಾಲು ಎತ್ತಿರಬೇಕು, ಅವರಿಗೆ ಹೇಳುತ್ತಿದ್ದಾನೆ ಎಂದುಕೊಂಡೆ. ವರ್ಷಗಟ್ಟಲೆ ಕೇಳಿ ಕೇಳಿ ನನ್ನದಲ್ಲವೆಂದು ಕಿವಿ ಬಿಟ್ಟುಬಿಟ್ಟಿದ್ದ ಮಾತು ಅದು. ನನ್ನ ಕಾಲು ಬ್ರೇಕಿನ ಕಡೆ ಹೋಗಲಿಲ್ಲ. ಮೂರನೆಯ ಸಲ ಬಂದ ದನಿಯಲ್ಲಿ ಮಾತಿರಲಿಲ್ಲ.

ಬಲಗಾಲು ಮೊಣಕಾಲಿನ ಕೆಳಗೆ ಜಜ್ಜಿಹೋಗಿತ್ತು. ಅದೇ ಗಾಡಿಯ ಬಾಳೆಕಂಬ ಕಿತ್ತೊಗೆದು ಅವನನ್ನು ದವಾಖಾನೆಗೆ ಒಯ್ದೆವು. ಮೆರವಣಿಗೆಯ ಜನ ದಾರಿ ಬಿಟ್ಟುಕೊಟ್ಟರು, ಕೆಲವರು ಗಾಡಿಯ ಹೂವು ನೋಡಿ ಜೈಕಾರ ಹಾಕಿದರು. ಸಂಜೆಯ ಹೊತ್ತಿಗೆ ಕಾಲು ತೆಗೆದರು.

ಮದ್ದಿನ ಅಮಲು ಇಳಿಯುವಾಗ ನಾನು ಮಂಚದ ಹತ್ತಿರ ಕೂತಿದ್ದೆ. ಆ ಕಡೆ ಅವನ ಹೆಂಡತಿ ನೀಲವ್ವ. ಅವನು ಕಣ್ಣು ಮುಚ್ಚಿಕೊಂಡೇ ಕೂಗತೊಡಗಿದ.

“ಲೇ ಬಸ್ಯಾ, ತಡೀಲೇ! ಗಾಡಿ ನಿಂದ್ರಸಲೇ ಬಸ್ಯಾ!”

ಎಷ್ಟು ಸಲ ಕೂಗಿದನೋ. ಎರಡು ವರ್ಷದಿಂದ ಕೇಳದ ಮಾತು. ಬೆಳಿಗ್ಗೆ ಅದನ್ನೇ ಕೂಗಿದ್ದರೆ ನನ್ನ ಕಾಲು ತಾನಾಗಿ ಬ್ರೇಕು ಒತ್ತುತ್ತಿತ್ತು. ಬಿಸಿನೀರಿನ ಡಬ್ಬಿ ಹಿಡಿದ ಕೈ ನಿಂತ ಹಾಗೆ ನಿಲ್ಲುತ್ತಿತ್ತು. ಆ ಮಾತನ್ನು ಅವನ ಬಾಯಿಂದ ಕಿತ್ತುಕೊಂಡವನು ನಾನು. ನೀಲವ್ವ ನನ್ನನ್ನೇ ನೋಡುತ್ತಿದ್ದಳು. ಸ್ವಲ್ಪ ಹೊತ್ತಿಗೆ ಅವನಿಗೆ ಎಚ್ಚರವಾಯಿತು, ಕಣ್ಣು ಬಿಟ್ಟ, ನನ್ನನ್ನು ಗುರುತು ಹಿಡಿದ.

“ನೀರು ಕೊಡ್ರಿ, ಮಾಲಕರ” ಎಂದ.

ಪೊಲೀಸರು ಬಂದು ಕೇಳಿದಾಗ, “ಹೇಳದ ಹಿಂದ ಹೋಗಿ ಕುಂತಿದ್ದೆ, ತಪ್ಪು ನಂದ್ರಿ” ಎಂದು ಬರೆಸಿದ. ನನಗೆ ಏನೂ ಆಗಲಿಲ್ಲ.

ಅವನು ಶಿರಹಟ್ಟಿಗೆ ಹೋಗಿ ಪುಂಡಿನಾರಿನ ಹಗ್ಗ ಹೊಸೆಯುತ್ತ ಕೂತ. ನಾನು ಪ್ರತಿ ತಿಂಗಳು ಹೋಗುತ್ತಿದ್ದೆ. ಮೊದಲ ಸಲವೇ ನೀಲವ್ವ ಬಾಗಿಲಲ್ಲಿ ನಿಂತು ಹೇಳಿದಳು: “ಎಂಟು ವರ್ಷ ನಿಮ್ಮ ಕಡೆ ಅನ್ನ ಉಂಡೇವ್ರಿ, ಏನೂ ಅನ್ನಾಂಗಿಲ್ಲ. ಮಾಲಕರಾಗಿ ಬರ್ರಿ, ಕುಂಡ್ರಿ, ಚಹಾ ಕೊಡ್ತೀನಿ. ದೋಸ್ತ ಅಂತ ಮಾತ್ರ ಬರಬ್ಯಾಡ್ರಿ.” ನಾನು ಮಾಲಕನಾಗಿಯೇ ಹೋಗಿ ಕೂತು ಚಹಾ ಕುಡಿದು ಬರುತ್ತಿದ್ದೆ.

ಶೆಡ್ಡಿನಲ್ಲಿ ಆಮೇಲೆ ಒಂದು ಪದ್ಧತಿ ಹಾಕಿದೆ. ಕಟ್ಟೆಯ ಹಿಂದೆ ಒಂದು ತಗಡಿನ ಡಬ್ಬಿ ಕಟ್ಟಿದೆ. ಗಾಡಿ ಅಲುಗಿದಾಗ ಯಾರೇ ಅದನ್ನು ಬಡಿದರೂ, ಯಾಕೆ ಎಂದು ಕೇಳದೆ ನಿಲ್ಲಿಸಬೇಕು. ಅದಕ್ಕೆ ಲೇ ಇಲ್ಲ, ರೀ ಇಲ್ಲ. ನಾನು ಕೆಲಸ ಬಿಡುವವರೆಗೂ ಆ ಡಬ್ಬಿ ಇತ್ತು, ಅದರ ಪಕ್ಕದ ಮೊಳೆಗೆ ಆ ಕೀಲಿಕೈಯೂ ಇತ್ತು. ಗಾಡಿ ತೊಳೆಯುವವರೇ, ನನ್ನ ಕಡೆಯಿಂದ ಕಲಿಯುವುದೇನಾದರೂ ಇದ್ದರೆ ಆ ಡಬ್ಬಿಯೊಂದನ್ನು ಕಲಿಯಿರಿ.

ಫಕ್ಕೀರಪ್ಪ ಹಾಸಿಗೆ ಹಿಡಿದ ಮೇಲೆ ಒಂದು ಸಲ, ಮನೆಯಲ್ಲಿ ಯಾರೂ ಇಲ್ಲದಾಗ, ಕೈ ಹಿಡಿದುಕೊಂಡು ಬೇಡಿದೆ. “ಫಕ್ಕೀರಾ, ಒಮ್ಮೆ ಲೇ ಅನ್ನೋ. ಬೈಯಿ. ಏನರ ಅನ್ನು.”

ಅವನು ಪ್ರಯತ್ನ ಮಾಡಿದನೆಂದೇ ತೋರುತ್ತದೆ, ತುಟಿಗಳು ಅಲುಗಿದವು. “ಬಾಯಿಗೆ ಬರವಲ್ದ್ರಿ” ಎಂದ. ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಹದಿನೈದು ದಿನಕ್ಕೆ ಅವನು ತೀರಿಕೊಂಡ ಸುದ್ದಿ ಬಂತು.

ಹೋದ ತಿಂಗಳ ಆ ದಿನ ತಂಗಿಯ ಮಗ ಇನ್ನೂ ನನ್ನ ಉತ್ತರಕ್ಕೆ ಕಾಯುತ್ತಿದ್ದ. ಇದೇನನ್ನೂ ಅವನಿಗೆ ಹೇಳಲು ಬಾಯಿ ಬರಲಿಲ್ಲ. ಒಂದೇ ಕೇಳಿದೆ.

“ನಿನ್ನ ದೋಸ್ತ ನಿನಗ ಏನಂತ ಕರೀತಾನ?”

“ಏನಂತ ಅಂದ್ರ? ಲೇ ಅಂತಾನ್ರಿ, ಮಾಮಾ” ಎಂದು ನಕ್ಕ. ಆಮೇಲೆ ಎದ್ದು ಚಪ್ಪಲಿ ಮೆಟ್ಟುತ್ತ ತಾನಾಗಿಯೇ ಅಂದ: “ಕೆಲಸಕ್ಕ ಬಂದ ಮ್ಯಾಲೆ ಸ್ವಲ್ಪ ಹೇಳಬೇಕ್ರಿ ಅವಗ. ಗಿರಾಕಿ ಮುಂದ ಛಲೋ ಕಾಣಸೂದಿಲ್ಲ.”

ನಾನು “ತಡೀಲೇ” ಎಂದೆ. ಅಷ್ಟರಲ್ಲಿ ಅವನು ಗಾಡಿ ಶುರುಮಾಡಿಕೊಂಡು ಹೊರಟುಬಿಟ್ಟಿದ್ದ.